ನೆಲ ಹೆಪ್ಪುಗಟ್ಟುವ ಮುನ್ನ: ಮಿನ್ನೆಸೋಟದ ಮನೆಯಂಗಳ

ಮಿನ್ನೆಸೋಟದ ಚಳಿಗಾಲದಲ್ಲಿ ಮನೆಯ ಹೊರಭಾಗಕ್ಕಾಗುವ ಹಾನಿಗೆ ಬಹುಮಟ್ಟಿಗೆ ಕಾರಣವಾಗುವುದು ಎಲ್ಲೋ ಉಳಿದುಹೋದ ನೀರು. ಹೆಪ್ಪುಗಟ್ಟಿದ ನೀರಿನ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ, ಕೊಳವೆಯಲ್ಲಾಗಲಿ ಮಣ್ಣಿನ ಕುಂಡದಲ್ಲಾಗಲಿ ಅದು ನಿಂತಿದ್ದರೆ ತನ್ನ ಪಾತ್ರೆಯನ್ನೇ ಸೀಳುತ್ತದೆ. ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿದಾಗ ನೆಲವೇ ಉಬ್ಬಿ ಏಳುವ ಕಾರಣ, ಅಲ್ಲಿನ ಕಟ್ಟಡ ನಿಯಮಾವಳಿಯು ತಳಪಾಯವನ್ನು ದಕ್ಷಿಣ ಭಾಗದಲ್ಲಿ 42 ಅಂಗುಲ, ಉತ್ತರ ಭಾಗದಲ್ಲಿ 60 ಅಂಗುಲ ಆಳಕ್ಕೆ ಇಳಿಸಬೇಕೆಂದು ವಿಧಿಸಿದೆ.

ಆದ್ದರಿಂದ ಸಿದ್ಧತೆ ನಲ್ಲಿಯಿಂದ ಆರಂಭವಾಗಬೇಕು. ಇತ್ತೀಚಿನ ಮನೆಗಳಲ್ಲಿ ಇರುವ ‘ಫ್ರಾಸ್ಟ್-ಫ್ರೀ’ ನಲ್ಲಿ, ಅಂದರೆ ನೀರನ್ನು ತಡೆಯುವ ಕವಾಟ ಗೋಡೆಯ ಒಳಗಿನ ಬೆಚ್ಚನೆಯ ಭಾಗದಲ್ಲಿರುವಂಥದ್ದು, ತನಗೆ ಜೋಡಿಸಿದ ಹೋಸ್ ಪೈಪನ್ನು ಬಿಚ್ಚಿದಾಗ ಮಾತ್ರ ಬರಿದಾಗುತ್ತದೆ. ಪೈಪು ಹಾಗೆಯೇ ಉಳಿದರೆ ನೀರು ಒಳಗೇ ನಿಂತು ಕೊಳವೆ ಒಡೆಯಬಹುದು, ಮತ್ತು ಆ ಬಿರುಕು ವಸಂತದಲ್ಲಿ ನಲ್ಲಿ ತಿರುಗಿಸಿ ಗೋಡೆ ಒದ್ದೆಯಾಗುವವರೆಗೂ ಗೊತ್ತಾಗುವುದಿಲ್ಲ. ಹಳೆಯ ಬಗೆಯ ನಲ್ಲಿಗಳಿದ್ದರೆ ಒಳಗಿನ ಕವಾಟವನ್ನು ಮುಚ್ಚಿ ಹೊರಗಿನದನ್ನು ತೆರೆದಿಡಬೇಕು. ಹುಲ್ಲುಹಾಸಿನ ಸ್ಪ್ರಿಂಕ್ಲರ್ ಕೊಳವೆಗಳನ್ನು ಒತ್ತಡದ ಗಾಳಿಯಿಂದ ಖಾಲಿ ಮಾಡಲಾಗುತ್ತದೆ. ಒತ್ತಡ ಮಿತಿಮೀರಿದರೆ ಕೊಳವೆಯೇ ಹಾಳಾಗುವುದರಿಂದ ಅದನ್ನು ಬಲ್ಲವರಿಗೆ ಬಿಡುವುದು ಲೇಸು.

ಹುಲ್ಲನ್ನು ಎರಡೂವರೆಯಿಂದ ಮೂರು ಅಂಗುಲಕ್ಕೆ ಕತ್ತರಿಸಿ, ದಟ್ಟವಾಗಿ ಬಿದ್ದ ಎಲೆಗಳನ್ನು ತೆಗೆದರೆ ಹಿಮದಡಿಯ ಬೂಷ್ಟು ಅಷ್ಟಾಗಿ ಕಾಡದು.

ಕನ್ನಡಿಗರ ಮನೆಗಳಲ್ಲಿ ಹೆಚ್ಚಿನ ಗಮನ ಬೇಡುವುದು ಕರಿಬೇವು. ರಾತ್ರಿಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ಅಲ್ಲಿನ ಲೆಕ್ಕದ 50 ಡಿಗ್ರಿ ಫ್ಯಾರನ್‌ಹೀಟ್‌ಗೆ, ಇಳಿಯುವ ಮೊದಲೇ ಅದನ್ನು ಮಲ್ಲಿಗೆ, ತುಳಸಿಗಳೊಂದಿಗೆ ಒಳತರಬೇಕು. ತರುವ ಮುನ್ನ ಎಲೆಗಳ ಅಡಿಯಲ್ಲಿ ಹುಳುಗಳಿವೆಯೇ ಎಂದು ನೋಡಿ ತೊಳೆಯಬೇಕು. ಬೆಳಕು ಕುಗ್ಗಿದಾಗ ಗಿಡ ಸುಪ್ತಾವಸ್ಥೆಗೆ, ಎಂದರೆ ಬೆಳವಣಿಗೆ ನಿಂತ ವಿಶ್ರಾಂತಿಗೆ, ಸರಿದು ಎಲೆ ಉದುರಿಸುತ್ತದೆ. ಇದನ್ನು ಸಾವೆಂದು ಭ್ರಮಿಸಿ ಮನೆಮಂದಿಯೆಲ್ಲ ಸರದಿಯಂತೆ ಸುರಿಯುವ ನೀರೇ ಬೇರನ್ನು ಕೊಳೆಸುತ್ತದೆ. ಮೇಲ್ಮಣ್ಣು ಚೆನ್ನಾಗಿ ಒಣಗಿದ ಮೇಲಷ್ಟೇ ನೀರುಣಿಸುವುದು ಸರಿ. ಬೆಳ್ಳುಳ್ಳಿಯದು ಇದಕ್ಕೆ ತದ್ವಿರುದ್ಧ ಸ್ವಭಾವ: ಅಕ್ಟೋಬರಿನಲ್ಲಿ ಊರಿದ ಎಸಳಿಗೆ ಗಡ್ಡೆ ಕಟ್ಟಲು ಚಳಿಯೇ ಬೇಕು, ಜುಲೈ ಹೊತ್ತಿಗೆ ಅದು ಕೀಳಲು ಬರುತ್ತದೆ.

ಮಿನಿಯಾಪೊಲಿಸ್ ನಗರದಲ್ಲಿ ಹಿಮಪಾತ ನಿಂತ 24 ಗಂಟೆಗಳೊಳಗೆ ಮನೆಯೆದುರಿನ ಕಾಲುದಾರಿಯನ್ನು ತೆರವುಗೊಳಿಸುವುದು ಮನೆಯವರದೇ ಹೊಣೆ. ಹಿಮ ಕರಗಿಸುವ ಸಾಮಾನ್ಯ ಉಪ್ಪು ನೆಲದ ಉಷ್ಣತೆ 15 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದಾಗ ಹೆಚ್ಚು ಕೆಲಸ ಮಾಡದು, ಹರಿದುಹೋಗಿ ಕೆರೆಗಳ ನೀರನ್ನು ಮಾತ್ರ ಕೆಡಿಸುತ್ತದೆ. ಅಂಥ ದಿನಗಳಲ್ಲಿ ಮರಳೇ ಸಾಕು.

ಕೊನೆಗೆ ಫರ್ನೆಸ್ಸಿನ, ಅಂದರೆ ಮನೆಯನ್ನು ಬಿಸಿಮಾಡುವ ಯಂತ್ರದ, ಹೊಗೆ ಹೊರಬಿಡುವ ಕೊಳವೆ. ಅದು ಹಲವು ಮನೆಗಳಲ್ಲಿ ಗೋಡೆಯ ಬುಡದ ಹತ್ತಿರವೇ ಇರುತ್ತದೆ; ಹಿಮರಾಶಿ ಅದನ್ನು ಮುಚ್ಚಿದರೆ, ವಾಸನೆಯಿಲ್ಲದ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬುವ ಅಪಾಯವಿದೆ. ಆ ಜಾಗವನ್ನು ಗುರುತಿಸುವ ಗೂಟವನ್ನು ನವೆಂಬರ್ ಮಧ್ಯದೊಳಗೆ ನೆಡಬೇಕು, ಏಕೆಂದರೆ ಆಮೇಲೆ ನೆಲ ಗೂಟ ಇಳಿಯಲು ಬಿಡುವುದಿಲ್ಲ.