ಭರಣಿ ಹಿಡಿದ ಹೆಂಗಸು ಯಾರು?



ಕಳೆದ ತಪಸ್ಸುಕಾಲದ ಒಂದು ಭಾನುವಾರ, ಪೂಜೆ ಮುಗಿದ ಮೇಲೆ ಧರ್ಮೋಪದೇಶದ ಮಕ್ಕಳನ್ನು ದೇವಾಲಯದೊಳಗೇ ಉಳಿಸಿಕೊಂಡು ಶಿಲುಬೆ ಹಾದಿಯ ಚಿತ್ರಗಳನ್ನು ತೋರಿಸುತ್ತಿದ್ದೆ. ಹನ್ನೆರಡನೇ ಸ್ಥಳದ ಮುಂದೆ ನಿಂತೆವು. ಶಿಲುಬೆಯ ಬುಡದಲ್ಲಿ ಒಬ್ಬ ಹೆಂಗಸು ಮಂಡಿಯೂರಿದ್ದಾಳೆ. ಕೆಂಪು ಹೊದಿಕೆ, ಬಿಚ್ಚಿದ ಕೂದಲು, ಪಕ್ಕದಲ್ಲಿ ಒಂದು ಸಣ್ಣ ಭರಣಿ.

“ಇವಳು ಯಾರು?” ಎಂದೆ.

“ಮಗ್ದಲದ ಮರಿಯಳು” ಎಂದಳು ಕನ್ನಡದ ಹುಡುಗಿ. ತಮಿಳು ಮನೆಯ ಹುಡುಗ “ಮಗದಲಾ ಮರಿಯಾ” ಎಂದ. ಮಲೆಯಾಳದವರ ಮಗಳು “ಮಗ್ದಲೇನ ಮರಿಯಂ” ಎಂದಳು. ಮೂರು ಭಾಷೆ, ಮೂರು ಉಚ್ಚಾರ. ಆದರೆ “ಅವಳು ಯಾಕೆ ಸಂತಳಾದಳು?” ಎಂದು ಕೇಳಿದಾಗ ಮೂವರದೂ ಒಂದೇ ಉತ್ತರ: “ಮೊದಲು ಕೆಟ್ಟ ಹೆಂಗಸಾಗಿದ್ದಳು ಟೀಚರ್, ಆಮೇಲೆ ಒಳ್ಳೆಯವಳಾದಳು.”

ನಾನು ತಿದ್ದಲಿಲ್ಲ. ವರ್ಷಗಟ್ಟಲೆ ಮಕ್ಕಳಿಗೆ ಹಾಗೆ ಹೇಳಿಕೊಟ್ಟವಳು ನಾನೇ. ಆ ರಾತ್ರಿ ನಾಲ್ಕು ಶುಭಸಂದೇಶಗಳನ್ನೂ ತೆರೆದು ಕೂತೆ. ಮಗ್ದಲದ ಮರಿಯಳು ಕೆಟ್ಟ ನಡತೆಯವಳಾಗಿದ್ದಳು ಎಂಬ ಮಾತು ಎಲ್ಲಿದೆ ಎಂದು ಹುಡುಕಿದೆ. ಎಲ್ಲೂ ಸಿಗಲಿಲ್ಲ. ಆದ್ದರಿಂದ ಈ ಪಾಠ ಮೊದಲು ನನಗೆ, ಆಮೇಲೆ ನಿಮಗೆ.

ಅಕ್ಷರವಿಲ್ಲದ ಪುಸ್ತಕ

ನಮ್ಮ ದೇವಾಲಯಗಳಲ್ಲಿರುವ ಸ್ವರೂಪಗಳೂ ಚಿತ್ರಗಳೂ ಒಂದು ಪುಸ್ತಕದ ಹಾಗೆ. ಓದು ಬಾರದ ಕಾಲದಲ್ಲಿ ನಮ್ಮ ಹಿರಿಯರು ವಿಶ್ವಾಸವನ್ನು ಕಲಿತದ್ದು ಇವುಗಳಿಂದಲೇ. ಇವನ್ನು ಓದಲು ಕನ್ನಡ, ತಮಿಳು, ಮಲೆಯಾಳ, ಕೊಂಕಣಿ ಯಾವುದೂ ಬೇಡ. ಕೈಯಲ್ಲೇನಿದೆ ಎಂದು ನೋಡಿದರೆ ಸಾಕು. ಬೀಗದ ಕೈ ಇದ್ದರೆ ಸಂತ ಪೇತ್ರ, ಏಕೆಂದರೆ ಸ್ವರ್ಗಸಾಮ್ರಾಜ್ಯದ ಬೀಗದ ಕೈಗಳನ್ನು ಯೇಸುಸ್ವಾಮಿ ಅವನಿಗೆ ಕೊಟ್ಟರು (ಮತ್ತಾಯ 16:19). ಖಡ್ಗವಿದ್ದರೆ ಸಂತ ಪೌಲ. ಮೈತುಂಬ ಬಾಣ ನಾಟಿದ್ದರೆ ಸಂತ ಸೆಬಾಸ್ಟಿಯನ್. ಬಾಲಯೇಸುವನ್ನೂ ಲಿಲ್ಲಿ ಹೂವನ್ನೂ ಹಿಡಿದಿದ್ದರೆ ಪಾದುವದ ಸಂತ ಅಂತೋಣಿ. ಮನುಷ್ಯ, ಸಿಂಹ, ಎತ್ತು, ಗರುಡ, ಈ ನಾಲ್ಕು ರೂಪಗಳು ಕ್ರಮವಾಗಿ ಮತ್ತಾಯ, ಮಾರ್ಕ, ಲೂಕ, ಯೊವಾನ್ನರನ್ನು ಸೂಚಿಸುತ್ತವೆ.

ಇವೆಲ್ಲ ಗುರುತುಗಳು. ಗುರುತು ಒಬ್ಬ ವ್ಯಕ್ತಿಯನ್ನು ತೋರಿಸುತ್ತದೆ, ಅವರ ಜೀವನದಲ್ಲಿ ನಡೆದ ಒಂದು ಸಂಗತಿಯನ್ನು ನೆನಪಿಸುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು.

ಗುರುತು ಬೇರೆ, ಅಚ್ಚು ಬೇರೆ

ಕಥೆಗಳಲ್ಲಿ ಇನ್ನೊಂದು ಸಂಗತಿ ಇದೆ. ಶಕುನಿ ಎಂದರೆ ಸಾಕು, ಎಂಥ ಮನುಷ್ಯ ಎಂದು ವಿವರಿಸಬೇಕಾಗಿಲ್ಲ. ಮಂಥರೆ ಎಂದರೂ ಅಷ್ಟೇ, ಸತ್ಯಹರಿಶ್ಚಂದ್ರ ಎಂದರೂ ಅಷ್ಟೇ. ಅಜ್ಜಿಕಥೆಯಲ್ಲಿ ಮಲತಾಯಿ ಬಂದ ಕೂಡಲೇ ಮುಂದೇನಾಗುತ್ತದೆ ಎಂದು ಮಗುವಿಗೂ ಗೊತ್ತು. ಸಾಹಿತ್ಯ ಓದಿದವರು ಇಂಥ ಪಾತ್ರಗಳನ್ನು ಆರ್ಕಿಟೈಪ್ ಎನ್ನುತ್ತಾರೆ. ನಾವು ಅಚ್ಚುಪಾತ್ರ ಎನ್ನೋಣ. ಒಂದೇ ಅಚ್ಚಿನಲ್ಲಿ ಎಷ್ಟೋ ಬೆಲ್ಲ ತೆಗೆದ ಹಾಗೆ, ಒಂದೇ ಮಾದರಿಯಿಂದ ಎಷ್ಟೋ ಕಥೆಗಳ ಪಾತ್ರಗಳು ಹುಟ್ಟುತ್ತವೆ. ಬೈಬಲ್ಲಿನಲ್ಲೂ ಅಚ್ಚುಪಾತ್ರಗಳಿವೆ: ಮನೆ ಬಿಟ್ಟುಹೋದ ಕಿರಿಮಗ, ಮುನಿಸಿಕೊಂಡ ಹಿರಿಮಗ, ದಾರಿಯಲ್ಲಿ ನಿಂತು ಕೈಹಿಡಿದ ಸಮಾರಿಯದವನು. ಯೇಸುಸ್ವಾಮಿ ಹೇಳಿದ ಈ ಸಾಮತಿಗಳಲ್ಲಿ ಅವು ನಮಗೆ ಕನ್ನಡಿ ಹಿಡಿಯುತ್ತವೆ.

ಆದರೆ ಬದುಕಿದ್ದ ಒಬ್ಬ ವ್ಯಕ್ತಿಯನ್ನು ಅಚ್ಚಿಗೆ ಒತ್ತಿದರೆ ಏನಾಗುತ್ತದೆ? ಅಚ್ಚಿಗೆ ಹೊಂದದ ಭಾಗ ಕತ್ತರಿಸಿ ಹೋಗುತ್ತದೆ. ನಮ್ಮ ಭಾರತದ ಪ್ರೇಷಿತ ಸಂತ ತೋಮನನ್ನೇ ನೋಡಿ. ಒಂದು ವಾರದ ಸಂದೇಹಕ್ಕಾಗಿ ಅವನು ಎಂದೆಂದಿಗೂ ‘ಸಂದೇಹದ ತೋಮ’ನಾದ. ಗುರುವಿನೊಡನೆ ಸಾಯಲು ನಾವೂ ಹೋಗೋಣ ಎಂದು ಉಳಿದ ಶಿಷ್ಯರನ್ನು ಹುರಿದುಂಬಿಸಿದವನು ಅದೇ ತೋಮ (ಯೊವಾನ್ನ 11:16). ಅದು ಎಷ್ಟು ಜನರ ನೆನಪಿನಲ್ಲಿದೆ?

ಮಗ್ದಲದ ಮರಿಯಳಿಗೆ ಆದದ್ದು ಇದಕ್ಕಿಂತ ದೊಡ್ಡ ಅನ್ಯಾಯ.

ಶುಭಸಂದೇಶ ಹೇಳುವುದೇನು?

ಸಂತ ಲೂಕನು ಅವಳನ್ನು ಮೊದಲು ಪರಿಚಯಿಸುವುದು 8ನೇ ಅಧ್ಯಾಯದ ಆರಂಭದಲ್ಲಿ. ಏಳು ದೆವ್ವಗಳ ಕಾಟದಿಂದ ಬಿಡುಗಡೆ ಹೊಂದಿದ್ದಳು. ಹೆರೋದನ ಮನೆವಾರ್ತೆಯ ಅಧಿಕಾರಿಯ ಹೆಂಡತಿ ಯೊವಾನ್ನಳು, ಸುಸನ್ನಳು ಮತ್ತಿತರ ಹೆಂಗಸರ ಜೊತೆ ಯೇಸುವನ್ನೂ ಹನ್ನೆರಡು ಮಂದಿಯನ್ನೂ ಹಿಂಬಾಲಿಸುತ್ತಿದ್ದಳು. ಈ ಹೆಂಗಸರು ತಮ್ಮ ಸ್ವಂತ ಆಸ್ತಿಯಿಂದ ಆ ತಂಡದ ಖರ್ಚುವೆಚ್ಚ ನೋಡಿಕೊಳ್ಳುತ್ತಿದ್ದರು. ಶುಭಸಂದೇಶಗಳಲ್ಲಿ ದೆವ್ವದ ಕಾಟವೆಂದರೆ ಮನುಷ್ಯನನ್ನು ನರಳಿಸುವ ಸಂಕಟ. ನಡತೆಗೆಟ್ಟವರು ಎಂಬ ಅರ್ಥ ಅದಕ್ಕಿಲ್ಲ.

ಮುಂದೆ ಅವಳು ಕಾಣಿಸುವುದು ಶಿಲುಬೆಯ ಬಳಿ. ಶಿಷ್ಯರು ಚದರಿಹೋದಾಗ ಅವಳು ಅಲ್ಲಿದ್ದಳು. ಪ್ರಭುವಿನ ಪಾರ್ಥಿವ ಶರೀರವನ್ನು ಎಲ್ಲಿಟ್ಟರು ಎಂದು ನೋಡಿಕೊಂಡವಳೂ ಅವಳೇ (ಮಾರ್ಕ 15:47). ಸಬ್ಬತ್ ದಿನ ಕಳೆದ ಮೇಲೆ ಶರೀರಕ್ಕೆ ಹಚ್ಚಲು ಸುಗಂಧದ್ರವ್ಯ ಕೊಂಡುಕೊಂಡು ಬಂದವರಲ್ಲಿ ಅವಳೂ ಒಬ್ಬಳು (ಮಾರ್ಕ 16:1). ಸಮಾಧಿಯ ಬಳಿ ಅವಳಿದ್ದಳು ಎಂಬುದನ್ನು ನಾಲ್ಕು ಶುಭಸಂದೇಶಗಳೂ ಹೆಸರಿಟ್ಟು ಹೇಳುತ್ತವೆ. ಪುನರುತ್ಥಾನರಾದ ಪ್ರಭು ತೋಟದಲ್ಲಿ ಅವಳನ್ನು ಹೆಸರು ಹಿಡಿದು ಕರೆದರು. ಸೋದರರ ಬಳಿಗೆ ಹೋಗಿ ತಿಳಿಸು ಎಂದು ಕಳುಹಿಸಿದರು (ಯೊವಾನ್ನ 20:11-18).

ಹಾಗಾದರೆ ಆ ಭರಣಿ ಯಾವುದು? ಸಮಾಧಿಗೆ ತಂದ ಸುಗಂಧದ ಭರಣಿ. ಪೂರ್ವ ಧರ್ಮಸಭೆಗಳ ಪವಿತ್ರ ಚಿತ್ರಗಳಲ್ಲಿ ಅವಳು ಅದನ್ನೇ ಹಿಡಿದಿರುತ್ತಾಳೆ. ಪ್ರಭುವಿನ ಶರೀರ ಅಲ್ಲಿರಲಿಲ್ಲವಾದ್ದರಿಂದ ಅದು ತಂದ ಕೆಲಸಕ್ಕೆ ಬೇಕಾಗಲೇ ಇಲ್ಲ. ತುಂಬಿದ ಭರಣಿಯೇ ಪುನರುತ್ಥಾನದ ಸಾಕ್ಷಿ.

ಮೂವರು ಒಬ್ಬಳಾದದ್ದು

ಶುಭಸಂದೇಶಗಳಲ್ಲಿ ಇನ್ನೂ ಎರಡು ಭರಣಿಗಳಿವೆ. ಲೂಕ 7ರಲ್ಲಿ, ಫರಿಸಾಯನಾದ ಸಿಮೋನನ ಮನೆಗೆ ಒಬ್ಬ ಪಾಪಿ ಹೆಂಗಸು ಅಮೃತಶಿಲೆಯ ಭರಣಿ ತಂದು, ಕಣ್ಣೀರಿನಿಂದ ಯೇಸುವಿನ ಪಾದ ತೊಳೆದು, ಕೂದಲಿನಿಂದ ಒರೆಸಿ, ಪರಿಮಳತೈಲ ಹಚ್ಚುತ್ತಾಳೆ. ಅವಳ ಹೆಸರನ್ನು ಲೂಕನು ಹೇಳುವುದಿಲ್ಲ. ಯೊವಾನ್ನ 12ರಲ್ಲಿ, ಬೆಥಾನಿಯದ ಮರಿಯಳು, ಅಂದರೆ ಮಾರ್ತ ಮತ್ತು ಲಾಸರರ ಸೋದರಿ, ಜಟಾಮಾಂಸಿ ತೈಲ ಹಚ್ಚಿ ಕೂದಲಿನಿಂದ ಒರೆಸುತ್ತಾಳೆ.

ಒಬ್ಬಳಿಗೆ ಹೆಸರಿಲ್ಲ. ಇನ್ನಿಬ್ಬರ ಹೆಸರೂ ಮರಿಯ. ಮೂರು ಕಡೆಯೂ ಸುಗಂಧ. ಮೇಲಾಗಿ ಹೆಸರಿಲ್ಲದ ಪಾಪಿ ಹೆಂಗಸಿನ ಕಥೆ ಮುಗಿದ ಕೂಡಲೇ, ಮುಂದಿನ ಅಧ್ಯಾಯದಲ್ಲೇ ಮಗ್ದಲದ ಮರಿಯಳ ಹೆಸರು ಬರುತ್ತದೆ. ಹೀಗೆ ಮೂವರು ಬೆರೆತುಹೋದರು.

591ರಲ್ಲಿ ಜಗದ್ಗುರು ಮಹಾ ಗ್ರೆಗೊರಿಯವರು ರೋಮಿನಲ್ಲಿ ಮಾಡಿದ ಒಂದು ಪ್ರಬೋಧನೆಯಲ್ಲಿ ಈ ಮೂವರೂ ಒಬ್ಬಳೇ ಎಂದು ಹೇಳಿದರು. ಏಳು ದೆವ್ವಗಳೆಂದರೆ ಎಲ್ಲ ದುರ್ಗುಣಗಳು ಎಂದು ಅರ್ಥ ಹೇಳಿದರು. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಪ್ಲೇಗಿನಿಂದಲೂ ಯುದ್ಧದ ಭಯದಿಂದಲೂ ಕಂಗೆಟ್ಟ ಜನರಿಗೆ, ಎಂಥ ಪಾಪಿಗೂ ಕ್ಷಮೆಯುಂಟು ಎಂಬ ಭರವಸೆ ಕೊಡಬೇಕಾಗಿತ್ತು. ಅವರ ಮಾತು ಪಶ್ಚಿಮದ ಧರ್ಮಸಭೆಯಲ್ಲಿ ನೂರಾರು ವರ್ಷ ನಿಂತಿತು. ಪೂರ್ವದ ಧರ್ಮಸಭೆಗಳು ಮಾತ್ರ ಮೂವರನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಂಡವು.

ಚಿತ್ರಗಾರರು ಈ ಅಚ್ಚನ್ನು ಗಟ್ಟಿಮಾಡಿದರು. 15ನೇ ಶತಮಾನದಲ್ಲಿ ಫ್ಲಾರೆನ್ಸಿನ ಶಿಲ್ಪಿ ದೊನಾತೆಲ್ಲೊ ಮರದಲ್ಲಿ ಕೆತ್ತಿದ ಮರಿಯಳು ತಪಸ್ಸಿನಿಂದ ಬಡಕಲಾಗಿ, ಉದ್ದನೆಯ ಕೂದಲನ್ನೇ ಬಟ್ಟೆಯಾಗಿ ಹೊದ್ದು ನಿಂತಿದ್ದಾಳೆ. ಕೂದಲೇ ಬಟ್ಟೆಯಾದ ಈ ರೂಪವೂ ಅವಳದಲ್ಲ. ಮರುಭೂಮಿಯಲ್ಲಿ ತಪಸ್ಸು ಮಾಡಿದ ಈಜಿಪ್ಟಿನ ಸಂತ ಮರಿಯಳ ಕಥೆಯಿಂದ ಬಂದದ್ದು. 16ನೇ ಶತಮಾನದ ಟಿಶಿಯನ್ ಅವಳನ್ನು ಕಣ್ಣೀರಿಡುವ ಸುಂದರಿಯಾಗಿ ಬರೆದ. 17ನೇ ಶತಮಾನದ ಜಾರ್ಜ್ ದ ಲಾ ಟೂರ್ ತಲೆಬುರುಡೆಯನ್ನೂ ಉರಿಯುವ ದೀಪವನ್ನೂ ಮುಂದಿಟ್ಟು, ಯೋಚನೆಯಲ್ಲಿ ಮುಳುಗಿದವಳಾಗಿ ಚಿತ್ರಿಸಿದ. ಎಲ್ಲವೂ ದೊಡ್ಡ ಕಲಾವಿದರ ಕೃತಿಗಳೇ. ಆದರೆ ಇವುಗಳಲ್ಲಿ ಕಾಣುವುದು ಪಶ್ಚಾತ್ತಾಪಪಡುವ ಹೆಂಗಸು. ಪುನರುತ್ಥಾನದ ಸುದ್ದಿ ಹೊತ್ತು ಓಡಿದವಳು ಕಾಣುವುದಿಲ್ಲ.

ಬಿಚ್ಚಿದ ಕೂದಲಿನ ಬಗ್ಗೆಯೂ ಒಂದು ಮಾತು. ಆ ಚಿತ್ರಗಾರರಿಗೆ ಅದು ಹಳೆಯ ಪಾಪದ ಗುರುತು. ನಮ್ಮ ಕಡೆ ದ್ರೌಪದಿಯ ಬಿಚ್ಚಿದ ಮುಡಿ ಎಂದರೆ ಅವಮಾನಕ್ಕೊಳಗಾದ ಹೆಣ್ಣಿನ ಶಪಥ. ಸಾವಿನ ಮನೆಯಲ್ಲಾದರೆ ಅದು ದುಃಖ. ಗುರುತು ಒಂದೇ ಆದರೂ ನೋಡುವ ಊರಿನ ಮೇಲೆ ಅರ್ಥ ಬದಲಾಗುತ್ತದೆ. ಆದ್ದರಿಂದಲೇ ಚಿತ್ರವನ್ನು ಪವಿತ್ರಗ್ರಂಥದ ಪಕ್ಕದಲ್ಲಿಟ್ಟು ಓದಬೇಕು.

ಅಚ್ಚಿನ ಭಾರ ಹೊತ್ತವರು

ಸಾವಿರಾರು ವರ್ಷದ ಹಿಂದಿನ ಸಂತಳ ಬಗ್ಗೆ ತಪ್ಪು ತಿಳಿದರೆ ಯಾರಿಗೇನು ನಷ್ಟ ಎಂದು ಕೇಳಬಹುದು. ನಷ್ಟವಾಗಿದೆ. 18ನೇ ಶತಮಾನದಿಂದ ಇಂಗ್ಲೆಂಡ್, ಐರ್ಲೆಂಡ್ ಮೊದಲಾದ ಕಡೆ ‘ದಾರಿ ತಪ್ಪಿದ’ ಹೆಂಗಸರಿಗೆಂದು ಆಶ್ರಮಗಳು ತೆರೆದವು. ಅವಕ್ಕೆ ಮಗ್ದಲೇನಳ ಹೆಸರನ್ನೇ ಇಟ್ಟರು. ಐರ್ಲೆಂಡಿನಲ್ಲಿ ನಮ್ಮ ಧರ್ಮಸಭೆಯ ಕನ್ಯಾಸ್ತ್ರೀಯರೇ ನಡೆಸಿದ ಮನೆಗಳಲ್ಲಿ ಮದುವೆಯಿಲ್ಲದೆ ಬಸುರಾದವರು, ಅನಾಥರು, ಮನೆಯವರಿಗೆ ಬೇಡವಾದ ಹುಡುಗಿಯರು ಕೂಲಿಯಿಲ್ಲದೆ ಬಟ್ಟೆ ಒಗೆಯುತ್ತ ವರ್ಷಗಟ್ಟಲೆ ಕಳೆದರು. ಅಲ್ಲಿನ ಕೊನೆಯ ಮನೆ ಮುಚ್ಚಿದ್ದು 1996ರಲ್ಲಿ. 2013ರಲ್ಲಿ ಐರ್ಲೆಂಡಿನ ಪ್ರಧಾನಮಂತ್ರಿ ಬದುಕುಳಿದವರ ಮುಂದೆ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಪುನರುತ್ಥಾನದ ಮೊದಲ ಸಾಕ್ಷಿಯ ಹೆಸರು ಅವಮಾನದ ಹೆಸರಾಗಿತ್ತು. ಇದನ್ನು ಬರೆಯಲು ನೋವಾಗುತ್ತದೆ. ಆದರೂ ನಾವು ತಿಳಿದಿರಬೇಕು.

ಧರ್ಮಸಭೆ ತಿದ್ದಿಕೊಂಡಿದೆ. ಮೊದಲು ಜುಲೈ 22ರ ಪೂಜೆಯಲ್ಲಿ ಲೂಕ 7ರ ಪಾಪಿ ಹೆಂಗಸಿನ ಕಥೆ ಓದುತ್ತಿದ್ದರು. 1969ರಲ್ಲಿ ಪೂಜಾಪಂಚಾಂಗ ಪರಿಷ್ಕಾರವಾದ ಮೇಲೆ ಆ ದಿನ ಯೊವಾನ್ನ 20ರ ತೋಟದ ಭೇಟಿಯನ್ನು ಓದುತ್ತೇವೆ. 2016ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರ ಇಚ್ಛೆಯಂತೆ ಆ ದಿನದ ಸ್ಮರಣೆ ಹಬ್ಬದ ದರ್ಜೆಗೆ ಏರಿತು. ಪ್ರೇಷಿತರ ದಿನಗಳಿಗೆ ಇರುವ ದರ್ಜೆ ಅದು. 13ನೇ ಶತಮಾನದಲ್ಲೇ ಸಂತ ತೋಮಸ್ ಅಕ್ವಿನಾಸ್ ಬಳಸಿದ್ದ ಬಿರುದು ಈಗ ಅವಳ ಹಬ್ಬದ ಪೂಜೆಯಲ್ಲಿ ಸೇರಿದೆ: ಪ್ರೇಷಿತರಿಗೆ ಪ್ರೇಷಿತೆ.

ಸಿಮೋನನಿಗೆ ಕಾಣದ್ದು

ಹಾಗೆಂದು ಲೂಕ 7ರ ಹೆಸರಿಲ್ಲದ ಹೆಂಗಸನ್ನು ಮರೆಯುವುದು ಬೇಡ. ಈ ಪಾಠದ ತಿರುಳು ಅವಳ ಕಥೆಯಲ್ಲೇ ಇದೆ. ಸಿಮೋನನು ಅವಳನ್ನು ನೋಡಿದ ಕೂಡಲೇ ಇವಳು ಎಂಥವಳು ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟ. ಆಗ ಯೇಸುಸ್ವಾಮಿ ಅವಳ ಕಡೆ ತಿರುಗಿ, ಈ ಹೆಂಗಸು ನಿನಗೆ ಕಾಣುತ್ತಿದ್ದಾಳೆಯೇ ಎಂಬರ್ಥದಲ್ಲಿ ಸಿಮೋನನನ್ನು ಕೇಳಿದರು (ಲೂಕ 7:44). ಕಣ್ಣೆದುರೇ ಇದ್ದವಳನ್ನು ಕಾಣುತ್ತಿದ್ದಾಳೆಯೇ ಎಂದು ಯಾಕೆ ಕೇಳಬೇಕು? ಸಿಮೋನನು ಅವಳನ್ನು ನೋಡಿರಲಿಲ್ಲ. ತನ್ನ ತಲೆಯೊಳಗಿದ್ದ ಅಚ್ಚನ್ನು ನೋಡಿದ್ದ. ಅವಳ ಕಣ್ಣೀರು, ಅವಳ ಪ್ರೀತಿ ಅವನ ಲೆಕ್ಕಕ್ಕೆ ಬಂದಿರಲಿಲ್ಲ.

ನಮ್ಮ ಧರ್ಮಕೇಂದ್ರದಲ್ಲೂ ಅಚ್ಚುಗಳಿಗೆ ಕೊರತೆಯಿಲ್ಲ. ‘ಗಂಡ ಬಿಟ್ಟವಳು’, ‘ಕುಡುಕನ ಮನೆಯವರು’, ‘ಜಾತಿ ಬಿಟ್ಟು ಮದುವೆಯಾದವಳು’ ಎನ್ನುತ್ತೇವೆ. ಅವರು ಹಾಡಿನ ತಂಡಕ್ಕೆ ಬಂದರೆ, ವಾಚನ ಓದಲು ನಿಂತರೆ, ಬೆಂಚುಗಳಲ್ಲಿ ಪಿಸುಮಾತು. ಭಾಷೆಯ ಅಚ್ಚುಗಳೂ ಇವೆ. ತಮಿಳರು ಹೀಗೆ, ಮಲೆಯಾಳದವರು ಹಾಗೆ ಎಂದು ನಾವು ಹೇಳುತ್ತೇವೆ. ಕನ್ನಡದವರು ಹೀಗೆ ಎಂದು ಅವರೂ ಹೇಳುತ್ತಾರೆ. ಇಲ್ಲಿ ನಾವು ಎಣಿಕೆಯಲ್ಲಿ ಕಡಿಮೆ. ಒಂದು ಮಾತಿನಲ್ಲಿ ನಮ್ಮನ್ನು ಮುಗಿಸಿಬಿಟ್ಟಾಗ ಆಗುವ ನೋವು ನಮಗೆ ಗೊತ್ತು. ಗೊತ್ತಿರುವ ನಾವೇ ಇನ್ನೊಬ್ಬರಿಗೆ ಹಾಗೆ ಮಾಡಬಹುದೇ?

ಮುಂದಿನ ಭಾನುವಾರ ಮಕ್ಕಳನ್ನು ಮತ್ತೆ ಅದೇ ಚಿತ್ರದ ಮುಂದೆ ಕರೆದುಕೊಂಡು ಹೋದೆ. “ಹಿಂದಿನ ವಾರ ನೀವು ಹೇಳಿದ್ದು ತಪ್ಪು, ಹೇಳಿಕೊಟ್ಟ ನನ್ನದೂ ತಪ್ಪು” ಎಂದೆ. ಯೊವಾನ್ನ 20ನ್ನು ಓದಿಸಿದೆ. “ಈಗ ಹೇಳಿ, ಭರಣಿ ಯಾಕೆ?” ಎಂದು ಕೇಳಿದಾಗ ತಮಿಳು ಮನೆಯ ಹುಡುಗ ಸ್ವಲ್ಪ ಯೋಚಿಸಿ ಹೇಳಿದ: “ಯೇಸುವಿಗೆ ಹಚ್ಚಲು ತಂದಿದ್ದಳು ಟೀಚರ್. ಆದರೆ ಅವರು ಎದ್ದುಬಿಟ್ಟಿದ್ದರು.”

ಅಷ್ಟೇ ಸಾಕು.

ಮನೆಯಲ್ಲಿ ಕೂಡಿ ಮಾತಾಡಲು

1. ಲೂಕ 7:36-50, ಲೂಕ 8:1-3 ಮತ್ತು ಯೊವಾನ್ನ 20:11-18 ಓದಿ. ಯಾರ ಹೆಸರು ಎಲ್ಲಿದೆ, ಎಲ್ಲಿಲ್ಲ ಎಂದು ಮಕ್ಕಳಿಂದಲೇ ಗುರುತಿಸಿ.

2. ನಮ್ಮ ದೇವಾಲಯದ ಒಂದು ಸ್ವರೂಪವನ್ನು ಆರಿಸಿಕೊಳ್ಳಿ. ಆ ಸಂತರ ಕೈಯಲ್ಲಿ ಏನಿದೆ? ಅದು ಅವರ ಜೀವನದ ಯಾವ ಸಂಗತಿಯನ್ನು ನೆನಪಿಸುತ್ತದೆ?

3. ನಾವು ಹೆಸರಿನ ಬದಲು ಒಂದು ಹಣೆಪಟ್ಟಿಯಿಂದಲೇ ಗುರುತಿಸುವವರು ಯಾರಾದರೂ ಇದ್ದಾರೆಯೇ? ಈ ವಾರ ಅವರನ್ನು ಹೆಸರು ಹಿಡಿದು ಮಾತಾಡಿಸಲು ಸಾಧ್ಯವೇ?

ಪ್ರಾರ್ಥನೆ

ಪ್ರಭುವೇ, ತೋಟದಲ್ಲಿ ಅಳುತ್ತಿದ್ದ ಮರಿಯಳನ್ನು ನೀವು ಹೆಸರು ಹಿಡಿದು ಕರೆದಿರಿ. ನಮ್ಮನ್ನೂ ಹಾಗೆಯೇ ಕರೆಯುತ್ತೀರಿ. ನಮ್ಮ ಅಕ್ಕಪಕ್ಕದಲ್ಲಿ ಮಂಡಿಯೂರುವವರನ್ನು ನೀವು ಕಾಣುವ ಹಾಗೆ ಕಾಣಲು ನಮಗೂ ಕಣ್ಣು ಕೊಡಿ. ಆಮೆನ್.