ಮೆದುಳು ಜ್ವರ: ತಡಮಾಡಬಾರದ ಕಾಯಿಲೆ

ಜ್ವರ ಬಂದ ಮಗು ಎರಡನೆಯ ದಿನ ತಾಯಿಯ ಗುರುತು ಹಿಡಿಯದೆ ಮಂಕಾಗಿ ಮಲಗಿದರೆ, ತೊದಲಿದರೆ, ಫಿಟ್ಸ್ ಬಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಗಾಳಿ ಸೋಕಿತೆಂಬ ಮಾತು. ಯಂತ್ರ ಕಟ್ಟಿಸಲು ಹೋದ ಆ ಒಂದು ರಾತ್ರಿಯೇ ಮೆದುಳಿಗೆ ಮುಳುವಾಗಬಹುದು. ಇದು ಮೆದುಳಿನ ಊತ.

ಕಾರಣ ಒಂದೇ ಅಲ್ಲ. ಸದಸ್ಯರು ಕೇಳಿ ಬಲ್ಲದ್ದು ಜಪಾನಿ ಮೆದುಳು ಜ್ವರ. ಭಾರತದಲ್ಲಿ ಇದು ಮೊದಲು ಗೊತ್ತಾದದ್ದು 1955ರಲ್ಲಿ, ವೆಲ್ಲೂರಿನ ಕಡೆ. 1970ರ ದಶಕದ ಕೊನೆಯಲ್ಲಿ ಕೋಲಾರ ಜಿಲ್ಲೆಯಲ್ಲಿ ಮಕ್ಕಳನ್ನು ಬಹಳ ಕಾಡಿತು. ಇದರ ವಿಷಾಣು ಬೆಳೆಯುವುದು ಬೆಳ್ಳಕ್ಕಿ, ಕೊಕ್ಕರೆ, ಹಂದಿಗಳ ಮೈಯಲ್ಲಿ. ಹೊತ್ತು ತರುವುದು ಭತ್ತದ ಗದ್ದೆಯ ನಿಂತ ನೀರಿನ ಸೊಳ್ಳೆ. ಮಾಡದಕೆರೆಯಂಥ ಬಯಲುಸೀಮೆಯಲ್ಲಿ ಭತ್ತವೆಲ್ಲಿ ಎನ್ನಬಹುದು. ಕೆರೆ ತುಂಬಿದ ವರ್ಷ ಹಿನ್ನೀರಿನ ಜೊಂಡಿನಲ್ಲೂ ಸೊಳ್ಳೆಗೆ ತಾವಿದೆ. ಸೋಂಕು ತಗುಲಿದ ಬಹುಮಂದಿಗೆ ಏನೂ ಆಗದು. ಮೆದುಳಿಗೆ ಏರಿದವರಲ್ಲಿ ಮಾತ್ರ ಮೂವರಲ್ಲಿ ಒಬ್ಬರವರೆಗೂ ಸಾಯುವುದುಂಟು. ರೋಗಿಯಿಂದ ಇನ್ನೊಬ್ಬರಿಗೆ ಇದು ಅಂಟದು. ಹಾಸಿಗೆಯ ಪಕ್ಕ ಕೂರಲು ಅಂಜಬೇಕಿಲ್ಲ. ಇದಕ್ಕೆ ನೇರ ಔಷಧಿಯಿಲ್ಲ, ಲಸಿಕೆಯುಂಟು: 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. 2022ರ ಡಿಸೆಂಬರಿನಲ್ಲಿ ನೆರೆಯ ತುಮಕೂರು, ಹಾಸನ ಸೇರಿ 10 ಜಿಲ್ಲೆಗಳಲ್ಲಿ 15 ವರ್ಷದೊಳಗಿನವರಿಗೆ ಆಂದೋಲನವಾಗಿಯೇ ಹಾಕಿದರು.

ತೋಟಗಾರರು ಹೆಚ್ಚು ಗಮನಿಸಬೇಕಾದದ್ದು ಬೇರೆಯದು. ಮಳೆ ಮುಗಿದ ಮೇಲೆ ಹುಲ್ಲು ಕೊಯ್ಯುವವರಿಗೆ, ಪೊದೆ ಸವರುವವರಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ ಮೆದುಳಿಗೂ ಏರುತ್ತದೆ. ಕಂಕುಳು, ತೊಡೆಸಂದು, ಸೊಂಟದ ದಾರದ ಬಳಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಇದೆಯೇ ನೋಡಿ. ಇದ್ದರೆ ವೈದ್ಯರಿಗೆ ತೋರಿಸಿ. ಎಲ್ಲರಲ್ಲೂ ಅದು ಕಾಣುವುದಿಲ್ಲ. ಇದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ನಾಟುತ್ತದೆ, ಬೇಗ ಕೊಟ್ಟರೆ. ಹರ್ಪಿಸ್ ವಿಷಾಣುವಿನಿಂದ ಯಾವ ಕಾಲದಲ್ಲೂ, ಯಾವ ವಯಸ್ಸಿನವರಿಗೂ ಬರುವ ಬಗೆಗೆ ಅಸೈಕ್ಲೊವಿರ್ ಎಂಬ ಔಷಧವಿದೆ. ಆದ್ದರಿಂದಲೇ ವೈದ್ಯರು ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಚಿಕಿತ್ಸೆ ಆರಂಭಿಸುತ್ತಾರೆ. ಎಷ್ಟು ಪರೀಕ್ಷಿಸಿದರೂ ಕಾರಣ ತಿಳಿಯದ ರೋಗಿಗಳೂ ಬಹಳ.

ಬೆನ್ನಿನಿಂದ ನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆಂದು ಹೆದರಿ ಸಹಿ ಹಾಕದೆ ಮನೆಗೆ ಕರೆತರುವವರಿದ್ದಾರೆ. ಮೆದುಳುಬಳ್ಳಿ ಮುಗಿದ ಕೆಳಗಿನ ಜಾಗದಲ್ಲಿ ಸೂಜಿ ಚುಚ್ಚುತ್ತಾರೆ. ಕಾಲಿಗೆ ಅಪಾಯ ತೀರಾ ಅಪರೂಪ. ಆ ನೀರೇ ರೋಗದ ಸುಳಿವು ಕೊಡುವುದು.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ನೀರು ಹಾಕುವುದು ಬೇಡ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನು ಮಾಡಿ. ಜ್ವರ ಎಂದು ಶುರುವಾಯಿತು, ಯಾವ ಮಾತ್ರೆ ಕೊಟ್ಟಿರಿ, ತೋಟದಲ್ಲಿ ಏನು ಕೆಲಸ ಮಾಡಿದ್ದರು, ನಾಯಿ ಕಚ್ಚಿತ್ತೇ ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಗೆ ಒಯ್ಯಿರಿ.