ನೆಲಗಪ್ಪೆ: ಹೆಸರನ್ನೂ ತಿಳಿಯೋಣ, ಉಪಯೋಗವನ್ನೂ ಅರಿಯೋಣ

ಮುಂಗಾರು ಮಳೆ ಬಿದ್ದೊಡನೆ ಗದ್ದೆಯ ನೀರಿನಲ್ಲಿ ನುಣುಪು ಮೈಯ ಪ್ರಾಣಿಯೊಂದು ಚಿಮ್ಮಿ ಹಾರುತ್ತದೆ. ಹಿತ್ತಿಲ ಬಚ್ಚಲ ಕಲ್ಲಿನಡಿ ಒರಟು ಮೈಯ ಇನ್ನೊಂದು ಸುಮ್ಮನೆ ಕುಳಿತಿರುತ್ತದೆ. ಎರಡನ್ನೂ ನಾವು ಕಪ್ಪೆ ಎಂದೇ ಕರೆಯುತ್ತೇವೆ. ಆದರೆ ಎರಡನೆಯದು ನೆಲಗಪ್ಪೆ. ಈ ಭೇದ ತಿಳಿಯದಿದ್ದರೆ ಹೊಲದ ಮಿತ್ರನನ್ನು ವೃಥಾ ಕೊಲ್ಲುತ್ತೇವೆ. ಒಮ್ಮೊಮ್ಮೆ ನಮ್ಮ ಪ್ರಾಣಕ್ಕೇ ಅಪಾಯ ತಂದುಕೊಳ್ಳುತ್ತೇವೆ.

ಒಂದು ಪದ, ಹಲವು ಅರ್ಥ

ಕಪ್ಪೆ ಎಂಬ ಮಾತು ನಮ್ಮಲ್ಲಿ ಬಹಳ ದೂರ ಹಬ್ಬಿದೆ. ಕೆರೆ ಹೊಳೆಗಳಲ್ಲಿ ಸಿಗುವ ಕಪ್ಪೆಚಿಪ್ಪು ಕಪ್ಪೆಯದಲ್ಲ, ಬೇರೊಂದು ಮೃದು ದೇಹದ ಜೀವಿಯದು. ಒಂದೆಲಗ ಸೊಪ್ಪಿಗೆ ಸಂಸ್ಕೃತದಲ್ಲಿ ಮಂಡೂಕಪರ್ಣಿ ಎಂಬ ಹೆಸರಿದೆ. ಹೊರಜಗತ್ತು ಕಾಣದವನು ಕೂಪಮಂಡೂಕ. ಒಗ್ಗಟ್ಟಿಲ್ಲದವರನ್ನು ಕೂಡಿಸುವುದು ತಕ್ಕಡಿಯಲ್ಲಿ ಕಪ್ಪೆ ತೂಗಿದಂತೆ. ನೆಲಗಪ್ಪೆ ಎಂಬ ಹೆಸರಾದರೋ ಆ ಪ್ರಾಣಿಯ ಜೀವನಕ್ರಮವನ್ನೇ ಹೇಳುತ್ತದೆ. ಅದು ಬಾಳುವುದು ನೆಲದ ಮೇಲೆ. ನೀರಿಗಿಳಿಯುವುದು ಮುಖ್ಯವಾಗಿ ಮೊಟ್ಟೆಯಿಡಲು.

ಗುರುತಿಸುವುದು ಹೇಗೆ?

ನೆಲಗಪ್ಪೆಯ ಚರ್ಮ ಒಣಗಿದಂತಿದ್ದು ಗಂಟುಗಂಟಾಗಿರುತ್ತದೆ. ಕಣ್ಣುಗಳ ಹಿಂದೆ ಎರಡು ಉಬ್ಬಿದ ಗ್ರಂಥಿಗಳಿರುತ್ತವೆ. ಹಿಂಗಾಲು ಗಿಡ್ಡವಾದ್ದರಿಂದ ಅದು ದೂರ ನೆಗೆಯದೆ ಕುಪ್ಪಳಿಸುತ್ತದೆ. ಲೋಳೆಯೊಳಗೆ ಮಣಿಸರದಂತೆ ಪೋಣಿಸಿದ ಕಪ್ಪು ಮೊಟ್ಟೆಗಳ ಉದ್ದನೆಯ ಎಳೆಗಳು ನೀರಿನಲ್ಲಿ ಕಂಡರೆ ಅವು ನೆಲಗಪ್ಪೆಯವು ಎಂದು ತಿಳಿಯಬಹುದು.

ಉಪಯೋಗ

ನೆಲಗಪ್ಪೆ ರಾತ್ರಿ ಹೊತ್ತು ಬೇಟೆಯಾಡುತ್ತದೆ. ಗೆದ್ದಲು, ಇರುವೆ, ದುಂಬಿ, ಮಿಡತೆ, ಹುಳುಗಳು ಇದರ ಆಹಾರ. ಕಣ್ಣೆದುರು ಚಲಿಸುವುದನ್ನು ನಾಲಿಗೆ ಚಾಚಿ ಹಿಡಿಯುತ್ತದೆ; ಉಪಕಾರಿ ಕೀಟವನ್ನೂ ಬಿಡುವುದಿಲ್ಲ. ಆದ್ದರಿಂದ ಜೇನುಪೆಟ್ಟಿಗೆಗಳನ್ನು ನೆಲದಿಂದ ಎತ್ತರದ ಪೀಠದ ಮೇಲಿಡುವುದು ಒಳ್ಳೆಯದು.

ಇಷ್ಟು ಉಪಕಾರಿಯೆಂದು ಎಲ್ಲಿಂದಲೋ ತಂದು ಬಿಡುವುದೂ ಸರಿಯಲ್ಲ. 1935ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಕಬ್ಬಿನ ದುಂಬಿಗಳ ಹತೋಟಿಗೆಂದು ಅಮೆರಿಕ ಖಂಡದ ಮೂಲದ ದೊಡ್ಡ ನೆಲಗಪ್ಪೆಯನ್ನು ಹವಾಯಿಯಿಂದ ತಂದು ಬಿಟ್ಟರು. ದುಂಬಿಗಳು ಹತೋಟಿಗೆ ಬರಲಿಲ್ಲ. ಕಪ್ಪೆಗಳು ಮಾತ್ರ ಮಿತಿಮೀರಿ ಹೆಚ್ಚಿ, ಅವನ್ನು ತಿಂದ ಅಲ್ಲಿನ ಕಾಡುಪ್ರಾಣಿಗಳು ಸತ್ತವು. ನಮ್ಮ ನೆಲದಲ್ಲಿರುವುದನ್ನು ಉಳಿಸಿಕೊಂಡರೆ ಸಾಕು.

ಎಚ್ಚರಿಕೆ

ನೆಲಗಪ್ಪೆಯನ್ನು ಮುಟ್ಟಿದರೆ ನರುಲಿ ಏಳುತ್ತದೆಂಬ ನಂಬಿಕೆ ತಪ್ಪು. ನರುಲಿಗೆ ಕಾರಣ ಮನುಷ್ಯರಿಂದ ಮನುಷ್ಯರಿಗೆ ಹರಡುವ ವೈರಸ್. ಆದರೆ ನೆಲಗಪ್ಪೆಯ ಗ್ರಂಥಿಗಳಿಂದ ಒಸರುವ ಹಾಲಿನಂತಹ ದ್ರವ ನಿಜಕ್ಕೂ ವಿಷ. ಅದು ಹೃದಯದ ಬಡಿತವನ್ನು ಕೆಡಿಸುತ್ತದೆ. ಬೇಯಿಸಿದರೂ ಈ ವಿಷ ನಾಶವಾಗುವುದಿಲ್ಲ. ಮೊಟ್ಟೆಗಳೂ ವಿಷವೇ. ಗದ್ದೆಯ ಕಪ್ಪೆಯೆಂದು ಭ್ರಮಿಸಿ ಇದನ್ನು ತಿಂದವರು ಸಾಯಬಹುದು. ಯಾರಾದರೂ ತಿಂದದ್ದು ತಿಳಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ನಾಯಿ ಕಚ್ಚಿ ಜೊಲ್ಲು ಸುರಿಸತೊಡಗಿದರೆ, ನೀರು ಗಂಟಲಿಗೆ ಇಳಿಯದಂತೆ ಅದರ ಬಾಯಿ ತೊಳೆದು ಪಶುವೈದ್ಯರಿಗೆ ತೋರಿಸಬೇಕು.

ರೈತರು ಅನುಸರಿಸಬೇಕಾದ ಕ್ರಮಗಳು

1. ಸಿಂಪರಣಾ ಯಂತ್ರವನ್ನು ಕೆರೆ, ಕಾಲುವೆ, ಹೊಂಡಗಳಲ್ಲಿ ತೊಳೆಯಬಾರದು. ಗೊದಮೊಟ್ಟೆಗಳು ಆ ನೀರಿನಲ್ಲೇ ಬೆಳೆಯುತ್ತವೆ.
2. ಕೀಟನಾಶಕವನ್ನು ಅಗತ್ಯವಿದ್ದಾಗ, ಶಿಫಾರಸು ಮಾಡಿದ ಪ್ರಮಾಣದಲ್ಲಿ ಮಾತ್ರ ಬಳಸಬೇಕು. ನೆಲಗಪ್ಪೆ ನೀರನ್ನು ಚರ್ಮದ ಮೂಲಕವೇ ಹೀರಿಕೊಳ್ಳುವುದರಿಂದ ವಿಷವೂ ಅದರೊಡನೆ ಒಳಸೇರುತ್ತದೆ.
3. ಬದುಗಳ ಮೇಲೆ ಅಲ್ಲಲ್ಲಿ ಕಲ್ಲುಗುಪ್ಪೆ, ಹುಲ್ಲು ಉಳಿಸಿರಿ. ಹಗಲಿನಲ್ಲಿ ಅದಕ್ಕೆ ತಂಪಾದ ಆಸರೆ ಬೇಕು.
4. ತೆರೆದ ತೊಟ್ಟಿಗಳಲ್ಲಿ ಬಿದ್ದ ನೆಲಗಪ್ಪೆ ಹತ್ತಿ ಬರಲು ಒಂದು ಹಲಗೆಯನ್ನು ಓರೆಯಾಗಿ ಇಡಿರಿ.
5. ಮಕ್ಕಳಿಗೆ ಎರಡರ ಗುರುತನ್ನು ತೋರಿಸಿಕೊಡಿರಿ. ಅಕಸ್ಮಾತ್ ಮುಟ್ಟಿದರೆ ಕಣ್ಣುಜ್ಜದೆ ಕೈತೊಳೆಯಲು ಕಲಿಸಿರಿ.

ರೈತ ಬಾಂಧವರೇ, ನೆಲಗಪ್ಪೆ ಕೂಲಿ ಕೇಳದೆ ರಾತ್ರಿಯೆಲ್ಲ ಹೊಲ ಕಾಯುವ ಜೀವಿ. ಅದನ್ನು ಕೊಲ್ಲುವುದೂ ಬೇಡ, ತಿನ್ನುವುದೂ ಬೇಡ. ಕಲ್ಲಿನಡಿ ಕಂಡಾಗ ಕಲ್ಲನ್ನು ಮೆಲ್ಲಗೆ ಮೊದಲಿನಂತೆಯೇ ಇಟ್ಟುಬಿಡಿರಿ.